ರದ್ದಿ ಗೋದಾಮಿನಲ್ಲಿ ಕಲಿತ ಮುಕಾದಮಿಕೆ

ನಾನು ಓದಿದ ಪುಸ್ತಕಗಳಿಗಿಂತ ಹರಿದ ಪುಸ್ತಕಗಳೇ ಹೆಚ್ಚು. ಇದನ್ನು ನಾಚಿಕೆಪಟ್ಟುಕೊಂಡು ಹೇಳುತ್ತಿಲ್ಲ. ಹರಿಯುವುದೇ ನನ್ನ ಹೊಟ್ಟೆಪಾಡಿನ ಕೆಲಸವಾಗಿತ್ತು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಇಡೀ ದಾಂಡೇಲಿಯಲ್ಲಿ ಒಬ್ಬರೇ ಒಬ್ಬರು ಇದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡ ಕಡೆಯ ಹಳ್ಳಿಯವಳು ನಾನು, ಮದುವೆಯಾಗಿ ದಾಂಡೇಲಿಗೆ ಬಂದಿದ್ದೆ. ನಮ್ಮವರು ಕಾಗದದ ಕಾರ್ಖಾನೆಯಲ್ಲಿ ಬಿದಿರು ಕತ್ತರಿಸುವ ಕಡೆ ಇದ್ದರು. ಅವರು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಕೂತು ಗೋಡೆ ನೋಡುವ ಹೆಣ್ಣು ನಾನಲ್ಲ. ಊರ ಹೊರಗೆ ಹಳಿಯಾಳ ರಸ್ತೆಯ ಬದಿಗೆ ಒಬ್ಬ ಸಾಹುಕಾರರ ರದ್ದಿ ಗೋದಾಮು ಇತ್ತು. ಅಲ್ಲಿ ಹೆಂಗಸರನ್ನು ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾದದ್ದೇ ತಡ, ಬುತ್ತಿ ಕಟ್ಟಿಕೊಂಡು ಹೋಗಿ ನಿಂತೆ.

ಹುಬ್ಬಳ್ಳಿ, ಬೆಳಗಾವಿಗಳಿಂದ ಲಾರಿಯಲ್ಲಿ ಹಳೇ ಕಾಗದ ಬರುತ್ತಿತ್ತು. ಶಾಲೆಯ ಪುಸ್ತಕ, ಕಚೇರಿಯ ಫೈಲು, ಬ್ರೆಡ್ಡು ಸುತ್ತಿದ ಮೇಣದ ಹಾಳೆ, ಯಾರದೋ ಮದುವೆಯ ಪತ್ರಿಕೆ, ಎಲ್ಲ ಒಂದೇ ಗಂಟಿನೊಳಗೆ. ನಾವು ಹನ್ನೆರಡು ಹೆಂಗಸರು ನೆಲದ ಮೇಲೆ ಕೂತು ಅದನ್ನು ಆರಿಸಬೇಕು. ಬಿಳಿಯದು ಒಂದು ಕಡೆ, ಅಚ್ಚಾದದ್ದು ಒಂದು ಕಡೆ, ಬಣ್ಣದ್ದು ಮತ್ತೊಂದು ಕಡೆ. ಪುಸ್ತಕವಾದರೆ ಮೊದಲು ರಟ್ಟು ಕಿತ್ತು, ಬೆನ್ನಿನ ಅಂಟು, ದಾರ ಹರಿದು, ಹಾಳೆ ಬಿಡಿಸಬೇಕು. ಫೈಲಾದರೆ ಚುಚ್ಚಿದ ಟಾಚಣಿ, ಅಂದರೆ ಗುಂಡುಸೂಜಿ ತೆಗೆದು, ಹಾಳೆಗಳ ನಡುವೆ ಅಂಟಿಕೊಂಡ ಕಾರ್ಬನ್ ಕಾಗದ ಹೆಕ್ಕಬೇಕು. ಆರಿಸಿದ ಮಾಲು ಹೊರಊರಿನ ಕಾರ್ಖಾನೆಗೆ ಹೋಗುತ್ತಿತ್ತು, ಅಲ್ಲಿ ಅದನ್ನು ಅರೆದು ಹೊಸ ಕಾಗದ ಮಾಡುತ್ತಿದ್ದರು. ಒಂದಿಷ್ಟು ಕಾರ್ಬನ್ ಉಳಿದರೆ ಸಾಕು, ಹೊಸ ಕಾಗದದ ತುಂಬ ಕರಿ ಚುಕ್ಕಿ. ಹಾಗಾಗಿ ಫೈಲು ಆರಿಸುವವಳು ಗೋದಾಮಿನ ಒಂದೇ ಒಂದು ಕಿಡಕಿಯ ಕೆಳಗೆ, ಬೆಳಕಿಗೆ ಕೂಡಬೇಕು ಎನ್ನುವುದು ಮೊದಲಿನಿಂದ ಬಂದ ರೂಢಿ.

ಕಟ್ಟಿದ ಗಂಟಿಗೆ ಆರಿಸಿದವಳ ಗುರುತಿನ ಚೀಟಿ ಕಟ್ಟುತ್ತಿದ್ದರು. ಓದು ಬರದವರೇ ಹೆಚ್ಚಾದ್ದರಿಂದ ಹೆಸರಿನ ಬದಲು ಚಿತ್ರ. ಒಬ್ಬಳದು ಹಣಿಗೆ, ಒಬ್ಬಳದು ಚಂದ್ರ. ಮಾವಶಿಯದು ಎಲೆ.

ನಾವೆಲ್ಲ ಚಿಕ್ಕಮ್ಮ ಅನ್ನುವ ಹಾಗೆ ಮಾವಶಿ ಎಂದು ಕರೆಯುತ್ತಿದ್ದವರು ಸಿದ್ದಿ ಜನದವರು, ಹಳಿಯಾಳ ತಾಲೂಕಿನ ಕಾಡಂಚಿನ ಹಳ್ಳಿಯಿಂದ ಬಂದವರು. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಮೊದಲು ಹೇಳಿದ ಆ ಒಬ್ಬರು ಇವರೇ. ಹಾಳೆಯನ್ನು ಎರಡು ಬೆರಳಲ್ಲಿ ತಿಕ್ಕಿ, ಇದು ಬಿದಿರಿನ ಕಾಗದ, ಇದಕ್ಕೆ ಚಿಂದಿ ಬೆರೆತಿದೆ ಎಂದು ಹೇಳಿಬಿಡುತ್ತಿದ್ದರು. ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಮಗಳನ್ನು ಓದಿಸಬೇಕೆಂದೇ ಊರು ಬಿಟ್ಟು ದಾಂಡೇಲಿಗೆ ಬಂದಿದ್ದರು. ಗೋದಾಮಿನ ಹಿಂದೆ ಸಾಹುಕಾರರು ಕೆಲಸದವರಿಗೆಂದು ಕಟ್ಟಿಸಿದ ಖೋಲಿಯಲ್ಲಿ ಅವರ ಸಂಸಾರ. ಮಗಳು ಏಳನೆಯ ಇಯತ್ತೆ, ಆ ಮಾರ್ಚಿನಲ್ಲಿ ಅವಳಿಗೆ ಪಬ್ಲಿಕ್ ಪರೀಕ್ಷೆ.

ನಮ್ಮ ಕೆಲಸದ ಮೇಲ್ವಿಚಾರಣೆ ನೋಡುತ್ತಿದ್ದ ಮೊದಲಿನ ಮುಕಾದಮಳು ಮಗಳ ಬಾಣಂತನಕ್ಕೆಂದು ಗೋಕಾಕಕ್ಕೆ ಹೋದವಳು ತಿರುಗಿ ಬರಲಿಲ್ಲ. ಸಾಹುಕಾರರು ಕಣ್ಣಾಡಿಸಿ, ನನಗೆ ಓದು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಮುಕಾದಮಳನ್ನಾಗಿ ಮಾಡಿದರು. ಆಗ ನನಗೆ ಇಪ್ಪತ್ತಾರು. ಉಳಿದ ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ನನಗಿಂತ ದೊಡ್ಡವರು. ನಾನು ಏಳಿ ಅಂದರೆ ಎಲೆ ಅಡಿಕೆ ಹಾಕಿಕೊಳ್ಳುವರು, ಕೂಡಿ ಅಂದರೆ ನೀರು ಕುಡಿಯಲು ಹೋಗುವರು. ಹಣಿಗೆ ಗುರುತಿನವಳಂತೂ ನನ್ನನ್ನು ಮುಕಾದಮ್ ಬಾಯಿ ಎಂದು ಎಳೆದೆಳೆದು ಕರೆದು ಎಲ್ಲರನ್ನೂ ನಗಿಸುತ್ತಿದ್ದಳು. ನನಗೋ ಮೂಗಿನ ತುದಿಗೆ ಸಿಟ್ಟು. ಬೈಯುತ್ತಿದ್ದೆ. ಬೈದಷ್ಟೂ ಕೆಲಸ ಹಿಂದೆ ಬೀಳುತ್ತಿತ್ತು.

ಅಂಥ ಹೊತ್ತಿನಲ್ಲಿ ಹುಬ್ಬಳ್ಳಿಯ ಗಂಟಿನೊಳಗಿಂದ ನನ್ನ ಕೈಗೆ ಆ ಪುಸ್ತಕ ಬಂತು. ರಟ್ಟು ಕಿತ್ತಾಗಿತ್ತು, ಕಿತ್ತವಳು ನಾನೇ. ಹೀಗಾಗಿ ಅದರ ಹೆಸರಾಗಲಿ ಬರೆದವರು ಯಾರೆಂಬುದಾಗಲಿ ನನಗೆ ಇವತ್ತಿಗೂ ಗೊತ್ತಿಲ್ಲ. ಬೆನ್ನು ಹರಿಯಬೇಕು ಎನ್ನುವಷ್ಟರಲ್ಲಿ ಕಣ್ಣಿಗೆ ಬಿದ್ದ ಸಾಲು, ಮುಂದಾಳಾದವನು ಜನರನ್ನು ಹೇಗೆ ನಡೆಸಬೇಕು ಎನ್ನುವುದು. ನನ್ನ ಪಾಲಿಗೆ ದೇವರೇ ಲಾರಿ ಹತ್ತಿಸಿ ಕಳಿಸಿದ ಅಂದುಕೊಂಡೆ.

ಗೋದಾಮಿನಿಂದ ಒಂದು ಚೂರು ಕಾಗದ ಹೊರಗೆ ಒಯ್ಯುವಂತಿರಲಿಲ್ಲ. ಬಂದ ತೂಕಕ್ಕೂ ಹೋದ ತೂಕಕ್ಕೂ ತಾಳೆಯಾಗಬೇಕು. ನಾನು ಸಾಹುಕಾರರ ಎದುರೇ ಪುಸ್ತಕವನ್ನು ಕಾಟಾದ ಮೇಲಿಟ್ಟು ತೂಗಿಸಿ, ಮರುದಿನ ಅಷ್ಟೇ ತೂಕದ ಹಳೇ ಪೇಪರನ್ನು ಮನೆಯಿಂದ ತಂದು ಗಂಟಿಗೆ ಹಾಕಿದೆ. ಸಾಹುಕಾರರು ನಕ್ಕರು, ಆದರೆ ಬೇಡ ಅನ್ನಲಿಲ್ಲ. ಮುಂದೆ ಎಷ್ಟೋ ಪುಸ್ತಕಗಳನ್ನು ಹೀಗೆ ತೂಕಕ್ಕೆ ತೂಕ ಕೊಟ್ಟು ಉಳಿಸಿಕೊಂಡಿದ್ದೇನೆ. ಆ ಹೊಳಹು ನನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ.

ಪುಸ್ತಕದಲ್ಲಿದ್ದುದನ್ನು ಒಂದೊಂದಾಗಿ ಮಾಡಿ ನೋಡತೊಡಗಿದೆ. ಮುಂದಾಳು ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ನಿಲ್ಲಬೇಕು ಎಂದಿತ್ತು. ನಾನು ರದ್ದಿಯ ಗಂಟಿನ ಮೇಲೆ ಹತ್ತಿ ನಿಂತೆ. ಗಂಟು ಉರುಳಿತು, ನಾನೂ ಉರುಳಿದೆ, ಎರಡು ದಿನ ಗೋದಾಮಿನಲ್ಲಿ ಅದೇ ನಗೆ. ಆಜ್ಞೆಯನ್ನು ಒಂದೇ ಸಲ ಹೇಳಬೇಕು, ಎರಡನೆಯ ಸಲ ಹೇಳಿದರೆ ಬೆಲೆ ಹೋಗುತ್ತದೆ ಎಂದಿತ್ತು. ಒಂದೇ ಸಲ ಹೇಳಿದೆ. ಅರ್ಧ ಮಂದಿಗೆ ಕೇಳಲಿಲ್ಲ, ಉಳಿದರ್ಧ ಕೇಳಿದರೂ ಕೇಳದವರ ಹಾಗೆ ಕೂತರು. ನಮ್ಮವರು ಇದನ್ನೆಲ್ಲ ಕೇಳಿ, ಪುಸ್ತಕದ ಬದನೇಕಾಯಿ ಪಲ್ಲೆ ಮಾಡಲಿಕ್ಕೆ ಬರುವುದಿಲ್ಲ ಎಂದು ಕಾಡಿದರು.

ಒಂದು ದಿನ ಬುತ್ತಿ ಉಂಡ ಮೇಲೆ ಮಾವಶಿ, ದಿನಾ ಅದರೊಳಗೆ ಏನು ಹುಡುಕುತ್ತಿ, ನಮಗೂ ಹೇಳು ಅಂದರು. ಗಟ್ಟಿಯಾಗಿ ಓದಿದೆ. ನಾನು ಅಂದುಕೊಂಡದ್ದೇ ಬೇರೆ, ಆದದ್ದೇ ಬೇರೆ. ಹೆಂಗಸರು ಪುಸ್ತಕದ ಜೊತೆ ಜಗಳಕ್ಕೆ ನಿಂತರು. ಮುಂದಾಳು ಕೈಕೆಳಗಿನವರ ಜೊತೆ ನಗಬಾರದು ಎಂದು ಓದಿದರೆ, ಹಣಿಗೆ ಗುರುತಿನವಳು, ಅವನ ಹೆಂಡತಿಯ ಹಣೆಬರಹ ಏನೋ ಪಾಪ ಎಂದಳು. ಕೆಲಸ ಬಲ್ಲವರನ್ನು ಕೇಳಿ ಕೆಲಸ ಹಂಚಬೇಕು ಎಂದು ಓದಿದಾಗ ಮಾತ್ರ ಎಲ್ಲರ ಕಣ್ಣು ಮಾವಶಿಯ ಕಡೆ ಹೊರಳಿತು. ಮರುದಿನ ನಾನು ಮಾವಶಿಯನ್ನು ಕೇಳಿ ಕೆಲಸ ಹಂಚಿದೆ. ಚುರುಕು ಕಣ್ಣಿನವರಿಗೆ ಬಣ್ಣದ್ದು, ಗಟ್ಟಿ ಕೈಯವರಿಗೆ ರಟ್ಟಿನ ಪುಸ್ತಕ, ಮಾವಶಿಗೆ ಕಿಡಕಿಯ ಕೆಳಗೆ ಫೈಲು. ವಾರ ಕಳೆಯುವುದರೊಳಗೆ ಹೊರಗೆ ಹೋಗುವ ಗಂಟುಗಳು ಹೆಚ್ಚಿದವು, ಸಾಹುಕಾರರು ಎಲ್ಲರಿಗೂ ಎರಡನೆಯ ಸಲದ ಚಹಾ ಕೊಡತೊಡಗಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಓದು ಎಲ್ಲರಿಗೂ ಚಟವಾಯಿತು. ಊಟದ ಹೊತ್ತು ಸಾಲದಾಯಿತು. ಕೈ ಕೆಲಸ ಮಾಡುತ್ತದೆ, ಕಿವಿ ಖಾಲಿ ಇರುತ್ತದಲ್ಲ ಎಂದು ನಾನೇ ಕೆಲಸದ ಹೊತ್ತಿನಲ್ಲೂ ಓದಲು ಶುರು ಮಾಡಿದೆ. ಆ ಸಣ್ಣ ಅಚ್ಚನ್ನು ಓದಲು ಬೆಳಕು ಬೇಕು. ಬೆಳಕಿದ್ದದ್ದು ಕಿಡಕಿಯ ಕೆಳಗೆ. ಮಾವಶಿಗೆ ಸ್ವಲ್ಪ ಸರಿದು ಕೂಡಲು ಹೇಳಿದೆ. ಸ್ವಲ್ಪ ಸ್ವಲ್ಪವೇ ಅನ್ನುತ್ತ ಅವರು ಫೈಲುಗಳ ರಾಶಿ ಸಮೇತ ಮೂಲೆಯ ಕತ್ತಲಿಗೆ ಹೋದರು. ನಾನು ಗೋಡೆಗೊರಗಿ, ಕಾಲು ಚಾಚಿ, ರಾಣಿಯ ಹಾಗೆ ಕೂತು ಮುಂದಾಳಿನ ಲಕ್ಷಣಗಳನ್ನು ಓದುತ್ತಿದ್ದೆ.

ಆ ದಿನಗಳಲ್ಲೇ ಓದಿದ ಒಂದು ಮಾತು ನನಗೆ ಬಹಳ ಹಿಡಿಸಿತ್ತು. ತಪ್ಪನ್ನು ಕೈಕೆಳಗಿನವರ ಮುಂದೆ ಒಪ್ಪಿಕೊಂಡ ಮುಂದಾಳಿನ ಮಾತು ಮತ್ತೆ ನಡೆಯುವುದಿಲ್ಲ ಎನ್ನುವುದು. ಎರಡು ಸಲ ಓದಿ ಹೇಳಿದೆ. ಇದನ್ನು ಬರೆದವನು ಜನ್ಮದಲ್ಲಿ ಒಂದು ಗಂಟು ಬಿಚ್ಚಿರಲಿಕ್ಕಿಲ್ಲ ಎಂದು ಮಾವಶಿ ಮೂಲೆಯಿಂದಲೇ ಅಂದರು. ಎಲ್ಲರೂ ನಕ್ಕರು. ನನಗೆ ಅದು ಸೇರಲಿಲ್ಲ.

ಫೆಬ್ರುವರಿಯ ಒಂದು ಶನಿವಾರ ಮಧ್ಯಾಹ್ನ, ಕಳಿಸಿದ ಲಾರಿ ಮಾಲಿನ ಸಮೇತ ತಿರುಗಿ ಬಂತು. ಬಿಳಿ ಕಾಗದದ ಗಂಟುಗಳ ತುಂಬ ಕಾರ್ಬನ್ ಇದೆ, ಈ ಮಾಲು ನಮಗೆ ಬೇಡ ಎಂದು ಕಾರ್ಖಾನೆಯವರು ಬರೆದು ಕಳಿಸಿದ್ದರು. ಸಾಹುಕಾರರು ಒಂದು ಗಂಟು ಬಿಚ್ಚಿಸಿದರು. ಬಿಳಿ ಹಾಳೆಗಳ ನಡುವೆ ತೆಳ್ಳಗೆ ಕರ್ರಗೆ ಕಾರ್ಬನ್. ಇನ್ನೊಂದು ಬಿಚ್ಚಿಸಿದರು, ಅದರಲ್ಲೂ ಅದೇ. ಎಲ್ಲದರ ಚೀಟಿಯ ಮೇಲೂ ಎಲೆ.

ಸಾಹುಕಾರರು ಕೆಟ್ಟವರಲ್ಲ. ಆದರೆ ಅವರ ಮಾಲು ಹೀಗೆ ಎಂದೂ ತಿರುಗಿ ಬಂದಿರಲಿಲ್ಲ. ಸೋಮವಾರದಿಂದ ಕೆಲಸಕ್ಕೆ ಬರುವುದು ಬೇಡ, ಖೋಲಿಯನ್ನೂ ವಾರದೊಳಗೆ ಬಿಡಬೇಕು ಎಂದು ಮಾವಶಿಗೆ ಹೇಳಿದರು. ಮಾವಶಿ ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಹೊರಗೆ ಹೋದರು. ಉಳಿದವರು ನನ್ನ ಮುಖ ನೋಡಿದರು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಪುಸ್ತಕದಲ್ಲಿ ಹಾಗೇ ಇತ್ತಲ್ಲ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಗುರುತು ನಿನ್ನದಲ್ಲ, ಯಾರೂ ನಿನ್ನನ್ನು ಕೇಳಿಲ್ಲ, ಸುಮ್ಮನಿರು ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಆದರೆ ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟೆ.

ರವಿವಾರ ಬೆಳಿಗ್ಗೆ ಮಾವಶಿಯ ಖೋಲಿಗೆ ಹೋದೆ. ಬಾಗಿಲು ತೆರೆದಿತ್ತು. ಪಾತ್ರೆಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ಹಾಕಿದ್ದರು. ಮಗಳು ಮೂಲೆಯಲ್ಲಿ ಕೂತು ತನ್ನ ಶಾಲೆಯ ಪುಸ್ತಕಗಳನ್ನು ದಾರದಿಂದ ಕಟ್ಟುತ್ತಿದ್ದಳು. ಪರೀಕ್ಷೆಗೆ ಇನ್ನು ತಿಂಗಳು ಉಳಿದಿತ್ತು. ಅವರ ಹಳ್ಳಿಯಿಂದ ಬಸ್ಸು ಹಿಡಿಯಬೇಕೆಂದರೆ ಕಾಡಿನ ದಾರಿಯಲ್ಲಿ ಅರ್ಧ ದಿನ ನಡೆಯಬೇಕು. ಆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು ಎನ್ನುವುದು ಯಾರೂ ಹೇಳದೆಯೇ ನನಗೆ ತಿಳಿಯಿತು.

ನಾನು ಕ್ಷಮೆ ಕೇಳಬೇಕೆಂದು ಹೋದವಳು. ಬಾಯಿಂದ ಬಂದದ್ದು ಬೈಗುಳ. ಕತ್ತಲಲ್ಲಿ ಕೂಡಿಸಿದಾಗ ಯಾಕೆ ಬಾಯಿ ಬಿಡಲಿಲ್ಲ, ನಿನ್ನೆ ಸಾಹುಕಾರರ ಮುಂದೆ ನನ್ನ ಹೆಸರು ಯಾಕೆ ಹೇಳಲಿಲ್ಲ, ನಿನಗೇನು ನಾಲಿಗೆ ಇಲ್ಲವೇ ಎಂದು ಕೂಗಾಡಿದೆ. ಮಾವಶಿ ಚೀಲದ ಬಾಯಿ ಕಟ್ಟುವುದನ್ನು ಬಿಟ್ಟು ನನ್ನನ್ನು ನೋಡಿದರು.

"ನಾ ಹೋದ್ರ ಒಬ್ಬಾಕಿ ಹೋದಂಗ, ಬಾಯಿ," ಎಂದರು. "ನೀ ಹೋದ್ರ ಓದಾವ್ರು ಯಾರು? ಮೊದಲಿನಂಗ ಎಲ್ಲಾರೂ ಮಾರಿ ಕೆಳಗ ಹಾಕ್ಕೊಂಡು ಕೂಡೂದು. ಹಂಗ ಆಗೂದು ಬ್ಯಾಡ ಅಂತ ಸುಮ್ಮಿದ್ದೆ."

ಕೈಕೆಳಗಿನವರ ಹಿತವನ್ನು ತನ್ನ ಹಿತಕ್ಕಿಂತ ಮೊದಲು ಇಡಬೇಕು ಎಂದು ಅದೇ ಪುಸ್ತಕದ ಯಾವುದೋ ಪುಟದಲ್ಲಿತ್ತು. ನಾನು ಅದನ್ನು ರಾಗವಾಗಿ ಓದಿದ್ದೆ. ಇವರು ಓದು ಬರದವರು, ಬರೀ ಕಿವಿಯಿಂದ ಕೇಳಿ, ಹಾಗೇ ನಡೆದು ತೋರಿಸಿದ್ದರು. ಇಡೀ ದಾಂಡೇಲಿಗೆ ಕೇಳುವ ಹಾಗೆ ನಾನು ಅತ್ತೆ. ಮಾವಶಿಗೆ ಸಿಟ್ಟು ಬಂತು. ಅಳುವುದಾದರೆ ನಿನ್ನ ಮನೆಗೆ ಹೋಗಿ ಅಳು, ಹುಡುಗಿ ಹೆದರುತ್ತದೆ ಅಂದರು.

ಸೋಮವಾರ ಸಾಹುಕಾರರು ಬರುವುದಕ್ಕಿಂತ ಮುಂಚೆಯೇ ನಾನು ಗೋದಾಮಿನ ಬಾಗಿಲಲ್ಲಿ ನಿಂತಿದ್ದೆ. ಉಳಿದ ಹತ್ತೂ ಹೆಂಗಸರು ಬಂದರು. ಮಾವಶಿಯನ್ನು ನಾನೇ ಕರೆದುಕೊಂಡು ಬಂದಿದ್ದೆ, ಬರಲಾರೆ ಅಂದವರನ್ನು ರಟ್ಟೆ ಹಿಡಿದು ಎಳೆದುಕೊಂಡು. ಸಾಹುಕಾರರು ಸೈಕಲ್ಲಿನಿಂದ ಇಳಿದದ್ದೇ ಎದುರಿಗೆ ಹೋದೆ. ಧ್ವನಿ ನಡುಗಲಿಲ್ಲ, ಅಷ್ಟು ದಿನ ಗಟ್ಟಿಯಾಗಿ ಓದಿದ್ದು ಅಲ್ಲಿ ಉಪಯೋಗಕ್ಕೆ ಬಂತು.

"ಸಾವ್ಕಾರ್ರ, ಚೀಟಿ ಮ್ಯಾಲಿನ ಗುರುತು ಮಾವಶೀದು, ತಪ್ಪು ನಂದು," ಅಂದೆ. "ಕಿಡಕಿ ಕೆಳಗ ಫೈಲ್ ಆರ್ಸಾವ್ರು ಕೂಡಬೇಕು. ಅಲ್ಲಿ ನಾ ಪುಸ್ತಕ ಹಿಡ್ಕೊಂಡು ಕೂತೆ. ಆಕೀನ್ನ ಕತ್ತಲಾಗ ಕೂಡ್ಸಿದಾಕಿ ನಾನ. ಹೊರಗ ಹಾಕೂದಿದ್ರ ನನ್ನ ಹಾಕ್ರಿ."

ಸಾಹುಕಾರರು ಸೈಕಲ್ಲನ್ನು ಗೋಡೆಗೆ ಒರಗಿಸಿದರು. ಶನಿವಾರ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೆದರಿಕೆಯಾಗಿತ್ತು ಅಂದೆ. ಹನ್ನೊಂದು ಮಂದಿಯ ಎದುರಿಗೆ ಅಂದೆ. ಪುಸ್ತಕದ ಪ್ರಕಾರ ಅಲ್ಲಿಗೆ ನನ್ನ ಮಾತಿನ ಬೆಲೆ ಮುಗಿಯಬೇಕು. ಹಾಗಾದರೆ ಹೋಗುವವಳು ನೀನೇ ಎಂದರು ಸಾಹುಕಾರರು. ಹೂಂ ಎಂದು ಬುತ್ತಿಯ ಚೀಲ ಎತ್ತಿಕೊಂಡೆ.

ಆಗ ಹಣಿಗೆ ಗುರುತಿನವಳು, ನನ್ನ ಒಂದು ಮಾತನ್ನೂ ಎಂದೂ ನೆಟ್ಟಗೆ ಕೇಳದವಳು, ಸೀದಾ ಹೋಗಿ ತಿರುಗಿ ಬಂದ ಗಂಟುಗಳ ಮುಂದೆ ಕೂತಳು. ಕುಡುಗೋಲು ತೆಗೆದುಕೊಂಡು ಒಂದರ ಹಗ್ಗ ಕೊಯ್ದಳು. ಅವಳ ಪಕ್ಕ ಚಂದ್ರ ಗುರುತಿನವಳು ಕೂತಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಯಾರೂ ಯಾರಿಗೂ ಹೇಳಲಿಲ್ಲ. ಸಾಹುಕಾರರು, ನಾನು ನಿಮಗೆ ಇದನ್ನು ಮಾಡಲು ಹೇಳಿಲ್ಲ, ಇದಕ್ಕೆ ಪಗಾರವೂ ಇಲ್ಲ ಎಂದರು. ಅವಳು ತಲೆ ಎತ್ತದೆಯೇ ಉತ್ತರ ಕೊಟ್ಟಳು.

"ಪುಸ್ತಕ ಕೇಳಿದಾವ್ರು ನಾವೆಲ್ಲಾರೂ. ಆರ್ಸಾವ್ರೂ ನಾವೆಲ್ಲಾರೂ. ಆಕೀನ್ನ ಕಳಸ್ತೀರಂದ್ರ ನಾವೂ ಇದನ್ನ ಮುಗಿಸಿ ಹೋಗ್ತೇವಿ ರೀ."

ಇವಳನ್ನು ಎಷ್ಟು ಸಲ ಬೈದಿದ್ದೆನೋ ಲೆಕ್ಕವಿಲ್ಲ. ಬುತ್ತಿ ಕೆಳಗಿಟ್ಟು ನಾನೂ ಕೂತೆ. ಕಿಡಕಿಯ ಕೆಳಗೆ ಮಾವಶಿ ಕೂತರು. ನಾವು ಬಿಡಿಸಿಕೊಟ್ಟ ಒಂದೊಂದು ಹಾಳೆಯೂ ಅವರ ಕೈ ದಾಟಿಯೇ ಗಂಟಿಗೆ ಹೋಯಿತು. ಮೂರು ದಿನ ಹಿಡಿಯಿತು. ಬುಧವಾರ ಅದೇ ಮಾಲು ಅದೇ ಕಾರ್ಖಾನೆಗೆ ಹೋಯಿತು, ತಿರುಗಿ ಬರಲಿಲ್ಲ. ನಮ್ಮ ಗುಂಪಿನ ಬಗ್ಗೆ ನನಗಿರುವ ಹೆಮ್ಮೆ ಆ ಮೂರು ದಿನಗಳದ್ದು. ಅದಕ್ಕಿಂತ ದೊಡ್ಡದನ್ನು ನಾನು ಜೀವನದಲ್ಲಿ ಎಲ್ಲಿಯೂ ಕಂಡಿಲ್ಲ.

ಸಾಹುಕಾರರು ಯಾರನ್ನೂ ಕಳಿಸಲಿಲ್ಲ. ಆದರೆ ಮುಕಾದಮಿಕೆ ನಿನಗೆ ಬೇಡ, ಯಾರು ಆಗಬೇಕು ನೀವೇ ಹೇಳಿ ಎಂದರು. ಎಲ್ಲರಿಗಿಂತ ಮೊದಲು ಮಾವಶಿಯ ಕಡೆ ಕೈ ಮಾಡಿದವಳು ನಾನು. ಇದನ್ನು ಯಾರು ಮರೆತರೂ ನಾನು ಮರೆಯುವವಳಲ್ಲ. ಓದು ಬರುವುದಿಲ್ಲ ಎಂದು ಮಾವಶಿ ಕೊಸರಾಡಿದರು. ಅಕ್ಷರ ಓದಲು ನಾನಿದ್ದೇನೆ, ಕಾಗದ ಓದಲು ನೀನಿದ್ದಿ ಎಂದೆ, ಎಲ್ಲರೂ ಸೇರಿ ಅವರ ಬಾಯಿ ಮುಚ್ಚಿಸಿದೆವು.

ಮಾವಶಿ ಮುಕಾದಮಳಾಗಿ ಮೊದಲು ಮಾಡಿದ ಕೆಲಸ, ನನ್ನನ್ನು ಫೈಲು ಆರಿಸಲು ಕೂಡಿಸಿದ್ದು. ಎರಡನೆಯದು, ಓದುವುದು ಊಟವಾದ ಮೇಲೆ ಮಾತ್ರ, ಕೆಲಸದ ಹೊತ್ತಿನಲ್ಲಿ ಒಂದು ಸಾಲೂ ಇಲ್ಲ ಎಂದು ಕಟ್ಟುಪಾಡು ಮಾಡಿದ್ದು. ಅವರು ಎತ್ತರದಲ್ಲಿ ನಿಲ್ಲಲಿಲ್ಲ, ನಮ್ಮ ನಡುವೆ ಕೂತು ನಮಗಿಂತ ಎರಡು ಗಂಟು ಹೆಚ್ಚು ಆರಿಸುತ್ತಿದ್ದರು. ಒಂದೇ ಮಾತನ್ನು ಹತ್ತು ಸಲ ಹೇಳುತ್ತಿದ್ದರು. ತಪ್ಪಿದರೆ, ತಪ್ಪಿದೆ ನೋಡ್ರಿ ಎಂದು ನಗುತ್ತಿದ್ದರು. ಅವರ ಮಾತು ನಡೆಯದ ದಿನವನ್ನು ನಾನು ನೋಡಲಿಲ್ಲ. ಮುಂದೆ ಮಹಿಳಾ ಮಂಡಳ, ಸಂಘ ಎಂದು ನಾನೂ ಹಲವು ಕಡೆ ಮುಂದೆ ನಿಂತಿದ್ದೇನೆ. ನನ್ನ ಕೈಕೆಳಗೆ ಕೆಲಸ ಮಾಡಿದವರು ಒಳ್ಳೆಯ ಮಾತು ಆಡುತ್ತಾರೆ. ಪುಸ್ತಕಗಳಿಂದ ಕಲಿತೆ ಎಂದೇ ಹೇಳುತ್ತೇನೆ, ಅದು ಸುಳ್ಳಲ್ಲ. ಆದರೆ ಪುಸ್ತಕದಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಎಂದು ಕೇರಿ ತೋರಿಸಿದವರು ಮಾವಶಿ.

ಮಾರ್ಚಿನಲ್ಲಿ ಮಗಳು ಪರೀಕ್ಷೆ ಬರೆದಳು. ಬೇಸಿಗೆಯಲ್ಲಿ ಒಂದು ದಿನ, ಇನ್ನೂ ಹನ್ನೊಂದು ಗಂಟೆ ಹೊಡೆದಿರಲಿಲ್ಲ, ಊಟದ ಹೊತ್ತು ದೂರ, ಎಲ್ಲರ ಕೈ ತುಂಬ ಕೆಲಸ. ಮಾವಶಿ ಶಾಲೆಯಿಂದ ಬಂದವರೇ ಗೋದಾಮಿನ ನಡುವೆ ನಿಂತರು. ಕೈಯಲ್ಲಿ ಮಡಿಚಿದ ಒಂದು ಕಾಗದ. ಅದರಲ್ಲಿ ಏನಿದೆ ಎಂದು ಮಗಳು ಹೇಳಿಯೇ ಇದ್ದಳು, ಅದು ಅವರ ಮುಖದ ಮೇಲೆ ಕಾಣುತ್ತಿತ್ತು.

"ಬಾಯಿ, ಕೆಲಸ ನಿಲ್ಸು," ಅಂದರು. "ಎಲ್ಲಾರೂ ನಿಲ್ಸ್ರಿ. ಇದನ್ನ ಓದು, ಗಟ್ಟಿಯಾಗಿ ಓದು."

ನಾನು ಎದ್ದು ನಿಂತೆ. ಹುಡುಗಿಯ ಹೆಸರು, ಅಪ್ಪನ ಹೆಸರು, ಒಂದೊಂದು ವಿಷಯದ ಅಂಕ ಓದಿದೆ. ಕೊನೆಯಲ್ಲಿ ಪಾಸು ಎಂದಿತ್ತು, ಅದನ್ನೂ ಓದಿದೆ. ಮಾವಶಿ ಕಣ್ಣು ಒರೆಸಿಕೊಳ್ಳದೆ ಹಾಗೇ ನಿಂತಿದ್ದರು.

ಮತ್ತೊಮ್ಮೆ ಓದು ಅಂದರು. ಮೊದಲಿನಿಂದ ಮತ್ತೆ ಓದಿದೆ.